ವಿದ್ಯಾರ್ಥಿಯ ಆತ್ಮವಿಶ್ವಾಸವೂ ಪರೀಕ್ಷೆಯ ಫಲವೂ

ಕಾಲೇಜುಗಳು ತೆರೆಯುವ ಕಾಲ ಬಂದಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಸ್ಸು ನಿಲ್ದಾಣಗಳು ಮುಂಜಾನೆಯ ಹೊತ್ತಿನಲ್ಲಿ ಸುತ್ತಲಿನ ಹಳ್ಳಿಗಳ ತರುಣ ತರುಣಿಯರಿಂದ ತುಂಬಿಹೋಗುವವು. ದೀಪಾವಳಿಯು ಕಳೆಯುವಷ್ಟರಲ್ಲಿ ಆ ಗುಂಪಿನೊಳಗಿನ ಕೆಲವರು ಕಾಣದಾಗುವರು. ವಿಚಾರಿಸಿದರೆ ಮನೆಯವರು "ಅವನಿಗೆ ವಿದ್ಯೆ ಹತ್ತಲಿಲ್ಲ" ಎನ್ನುವರು. ಆ ಹುಡುಗನೂ "ನನ್ನಿಂದ ಆಗುವದಿಲ್ಲ" ಎಂದು ತಲೆ ತಗ್ಗಿಸುವನು. ಬೆಳೆ ಒಣಗಿದರೆ ನಮ್ಮ ರೈತನು ಬೀಜ ಕೆಟ್ಟದ್ದೋ, ನೀರು ಸಾಲದೋ, ರೋಗ ಬಿದ್ದಿತೋ ಎಂದು ಕಾರಣವನ್ನು ಹುಡುಕುವನು. ಕಾಲೇಜಿಗೆ ಹೋದ ಮಗನು ಒಂದೇ ವರ್ಷಕ್ಕೆ ತಿರುಗಿ ಬಂದರೆ ಮಾತ್ರ ಹಣೆಯ ಬರಹವೆಂದು ಸುಮ್ಮನಾಗುವನು. ಮಗಳಾಗಿದ್ದರೆ ಒಮ್ಮೆ ನಾಪಾಸಾದೊಡನೆ ಮನೆಯಲ್ಲಿ ಲಗ್ನದ ಮಾತು ಆರಂಭವಾಗುವದು. ಒಂದು ಜೀವನದ ದಿಕ್ಕನ್ನೇ ತಿರುಗಿಸುವ ಈ "ಆಗುವದಿಲ್ಲ" ಎಂಬ ನಂಬಿಕೆಯು ಎಲ್ಲಿಂದ ಬರುವದು, ಅದಕ್ಕೂ ಪರೀಕ್ಷೆಯ ಫಲಕ್ಕೂ ಸಂಬಂಧವೇನು ಎಂಬದನ್ನು ಇಂದು ವಾಚಕರ ಮುಂದಿಡಬೇಕೆಂದು ಬಯಸಿದ್ದೇವೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿರುವವು. "ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ಹಿಡಿದು, ಬುದ್ಧಿಯು ಹುಟ್ಟಿನಿಂದಲೇ ಬರುವ ವಸ್ತುವೆಂದೂ ಇದ್ದವನು ಪಾಸಾಗುವನು, ಇಲ್ಲದವನು ನಾಪಾಸಾಗುವನೆಂದೂ ಹಿರಿಯರು ಹೇಳುವರು. ಇನ್ನೊಂದು ಅಭಿಪ್ರಾಯವು ಈಚಿನದು. ಊರೂರಿಗೆ ವ್ಯಾಖ್ಯಾನ ಕೊಡುತ್ತ ತಿರುಗುವ ಉತ್ಸಾಹದ ವಕ್ತಾರರು "ನಿನ್ನಿಂದ ಆಗುವದೆಂದು ನಂಬು, ಆಗಿಯೇ ತೀರುವದು" ಎಂದು ಸಾರುವರು. ಮೊದಲನೆಯದು ವಿದ್ಯಾರ್ಥಿಯ ಕೈ ಕಟ್ಟಿಹಾಕುವದು. ಎರಡನೆಯದು ಅವನ ಕೈಗೆ ಏನನ್ನೂ ಕೊಡದೆ ಬೆನ್ನು ಚಪ್ಪರಿಸುವದು. ಇವೆರಡರಲ್ಲಿಯೂ ಅರ್ಧ ಸತ್ಯವೇ ಇರುವದೆಂದು ಕಳೆದ ಐವತ್ತು ವರ್ಷಗಳ ಸಂಶೋಧನೆಯಿಂದ ತಿಳಿದುಬಂದಿದೆ.

ಮೊದಲು ನಮ್ಮ ವಿದ್ಯಾರ್ಥಿಯ ಸ್ಥಿತಿಯನ್ನು ನೋಡೋಣ. ಒಂದು ಕಾಲಕ್ಕೆ ಈ ಸೀಮೆಯ ತರುಣನು ಕಾಲೇಜಿನ ಮೆಟ್ಟಿಲು ಹತ್ತಬೇಕಾದರೆ 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೋ, 1933ರಲ್ಲಿ ಆರಂಭವಾದ ಬೆಳಗಾವಿಯ ಲಿಂಗರಾಜ ಕಾಲೇಜಿಗೋ ಹೋಗಬೇಕಾಗುತ್ತಿತ್ತು. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳಲ್ಲಿ ಪದವಿಯ ಕಾಲೇಜುಗಳಿವೆ. 2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪನೆಯಾಗಿದೆ. ದೂರವು ಕಡಿಮೆಯಾಯಿತು, ಇದು ಸಂತೋಷದ ಸಂಗತಿಯೇ ಸರಿ. ಆದರೆ ಬಸ್ಸಿನಿಂದ ಅಳೆಯಲಾಗದ ಇನ್ನೊಂದು ದೂರವು ಉಳಿದುಕೊಂಡಿದೆ. ಘಟಪ್ರಭೆಯ ಕಾಲುವೆಯ ನೀರಿನಿಂದ ಕಬ್ಬು ಬೆಳೆಯುವ ಒಕ್ಕಲಿಗನ ಮಗಳು, ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದವರ ಮೊಮ್ಮಗ, ಕೂಲಿಕಾರನ ಮಗ, ಇವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜನ್ನು ಕಾಣುವ ಮೊದಲಿಗರು. ಪಾಠ ತಿಳಿಯದಿದ್ದಾಗ "ಇದು ಎಲ್ಲರಿಗೂ ಹೀಗೆಯೇ ಆಗುವದು, ಎರಡು ತಿಂಗಳು ತಡೆ" ಎಂದು ಹೇಳಬಲ್ಲ ಅಣ್ಣನಾಗಲಿ ಅಕ್ಕನಾಗಲಿ ಅವರ ಮನೆಯಲ್ಲಿಲ್ಲ.

ಇದರ ಮೇಲೆ ಭಾಷೆಯ ಗೋಡೆಯೊಂದು. ಹತ್ತನೆಯ ಇಯತ್ತೆಯ ವರೆಗೆ ಕನ್ನಡದಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿತು ಒಳ್ಳೆಯ ಅಂಕಗಳನ್ನು ಪಡೆದ ಹುಡುಗಿಯು ವಿಜ್ಞಾನ ಶಾಖೆಯನ್ನು ಸೇರಿದೊಡನೆ ಪಾಠವೆಲ್ಲ ಇಂಗ್ಲಿಷಿಗೆ ತಿರುಗುವದು. ನಿನ್ನೆ "ವೇಗೋತ್ಕರ್ಷ"ವೆಂದು ತಿಳಿದುಕೊಂಡಿದ್ದ ವಿಷಯವನ್ನೇ ಇಂದು "ಆಕ್ಸಿಲರೇಶನ್" ಎಂಬ ಹೆಸರಿನಿಂದ ಕೇಳಿ ಅವಳು ಗುರುತಿಸಲಾರಳು. ಅವಳಿಗೆ ತಿಳಿಯದೆ ಹೋದದ್ದು ಶಬ್ದ. ತನಗೆ ವಿಷಯವೇ ತಿಳಿಯದೆಂದು ಅವಳು ಭಾವಿಸುವಳು. ಮೊದಲನೆಯ ಕಿರುಪರೀಕ್ಷೆಯಲ್ಲಿ ಅಂಕಗಳು ಇಳಿದವೆಂದರೆ ಆ ಭಾವನೆಗೆ ಮುದ್ರೆ ಬಿದ್ದಂತೆಯೇ. ಬಳಿಕ ಅವಳು ತರಗತಿಯಲ್ಲಿ ಪ್ರಶ್ನೆ ಕೇಳುವದನ್ನು ಬಿಡುವಳು, ಹಿಂದಿನ ಸಾಲಿಗೆ ಸರಿಯುವಳು, ಕಠಿಣವಾದ ಲೆಕ್ಕವನ್ನು ಮುಟ್ಟದೆ ಬಿಡುವಳು. ಮುಂದಿನ ಪರೀಕ್ಷೆಯಲ್ಲಿ ಅಂಕಗಳು ಇನ್ನೂ ಇಳಿಯುವವು. ಹೀಗೆ ಸೋಲು ಅವಿಶ್ವಾಸವನ್ನೂ ಅವಿಶ್ವಾಸವು ಸೋಲನ್ನೂ ಹಡೆಯುತ್ತ ಹೋಗುವವು.

ಈ ಸುತ್ತನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ (1925–2021) ಅವರು ಪ್ರಮುಖರು. 1977ರಲ್ಲಿ ಅವರು ಪ್ರಕಟಿಸಿದ ವಿಚಾರವನ್ನು ನಾವು "ಸ್ವಸಾಮರ್ಥ್ಯದ ನಂಬಿಕೆ" ಎಂದು ಕರೆಯಬಹುದು. ಇದು ಅಭಿಮಾನವೂ ಅಲ್ಲ, ಜಂಬವೂ ಅಲ್ಲ. "ನಾನು ಜಾಣ" ಎಂಬುದು ಅಭಿಮಾನ. "ಈ ಬಗೆಯ ಹತ್ತು ಲೆಕ್ಕಗಳಲ್ಲಿ ಎಂಟನ್ನು ನಾನು ಬಿಡಿಸಬಲ್ಲೆ" ಎಂಬುದು ಸ್ವಸಾಮರ್ಥ್ಯದ ನಂಬಿಕೆ. ಅದು ಒಂದು ನಿಶ್ಚಿತ ಕೆಲಸಕ್ಕೆ ಸಂಬಂಧಿಸಿರುವದು. ಕಬ್ಬಿನ ಗಾಡಿಯನ್ನು ಕತ್ತಲೆಯಲ್ಲಿ ಹೊಡೆಯಬಲ್ಲೆನೆಂದು ನಿಶ್ಚಿಂತನಾಗಿರುವ ಹುಡುಗನು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲು ನಡುಗಬಹುದು. ಅವನಲ್ಲಿ ಧೈರ್ಯವಿಲ್ಲವೆನ್ನಬಹುದೇ?

ಈ ನಂಬಿಕೆಯು ನಾಲ್ಕು ಮೂಲಗಳಿಂದ ಹುಟ್ಟುವದೆಂದು ಬಂಡೂರಾ ಹೇಳಿದರು. ತಾನೇ ಮಾಡಿ ಯಶಸ್ಸು ಪಡೆದ ಅನುಭವವು ಮೊದಲನೆಯದು. ಇದೇ ಎಲ್ಲಕ್ಕಿಂತ ಬಲವಾದದ್ದು. ತನ್ನಂಥವನೇ ಆದ ಇನ್ನೊಬ್ಬನು ಅದನ್ನು ಮಾಡಿದ್ದನ್ನು ಕಾಣುವದು ಎರಡನೆಯದು. ನಂಬಿಗಸ್ತರಾದವರ ಪ್ರೋತ್ಸಾಹದ ಮಾತು ಮೂರನೆಯದು. ತನ್ನ ಶರೀರ ಮನಸ್ಸುಗಳ ಸ್ಥಿತಿಯನ್ನು ತಾನು ಅರ್ಥಮಾಡಿಕೊಳ್ಳುವ ಬಗೆಯು ನಾಲ್ಕನೆಯದು. ಪರೀಕ್ಷೆಯ ಕೋಣೆಯಲ್ಲಿ ಅಂಗೈ ಬೆವರಿದರೆ ಒಬ್ಬನು ಅದನ್ನು ಸಿದ್ಧತೆಯ ಕಾವೆಂದು ತಿಳಿಯುವನು, ಇನ್ನೊಬ್ಬನು ತನ್ನ ಕಥೆ ಮುಗಿಯಿತೆಂದು ತಿಳಿಯುವನು. ನಮ್ಮ ಕಾಲೇಜುಗಳ ಸಮಾರಂಭಗಳಲ್ಲಿ ಖರ್ಚಾಗುವದೆಲ್ಲ ಮೂರನೆಯದಾದ ಮಾತಿನ ಮೇಲೆಯೇ ಎಂಬದನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಈ ನಂಬಿಕೆಗೂ ಪರೀಕ್ಷೆಯ ಫಲಕ್ಕೂ ಸಂಬಂಧವು ಎಷ್ಟು? 1991ರಲ್ಲಿ ಮುಲ್ಟನ್ ಮುಂತಾದ ಅಮೇರಿಕೆಯ ವಿದ್ವಾಂಸರು ಅದುವರೆಗಿನ ಹತ್ತಾರು ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ವಿದ್ಯಾರ್ಥಿಗಳ ಫಲಿತಾಂಶಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು 14 ಪ್ರತಿಶತ ಭಾಗವು ಈ ನಂಬಿಕೆಯೊಂದಿಗೆ ಹೊಂದಿಕೊಂಡು ಬರುವದೆಂದು ಅವರಿಗೆ ಕಂಡುಬಂದಿತು. ಓದಿನಲ್ಲಿ ಹಿಂದೆ ಬಿದ್ದವರಲ್ಲಿ ಈ ಸಂಬಂಧವು ಇನ್ನೂ ಬಲವಾಗಿತ್ತು. 14 ಪ್ರತಿಶತವೆಂಬುದು ಅಲ್ಲಗಳೆಯತಕ್ಕ ಸಂಖ್ಯೆಯಲ್ಲ. ಹಾಗೆಂದು ಎಲ್ಲವೂ ಅಲ್ಲ. ಉಳಿದ ಭಾಗದಲ್ಲಿ ಹಿಂದಿನ ಶಾಲೆಯ ಪಾಠ, ಮನೆಯ ಸ್ಥಿತಿ, ಓದುವ ಕ್ರಮ, ಕಲಿಸುವವರ ಗುಣ ಇವೆಲ್ಲ ಸೇರಿರುವವು. 2012ರಲ್ಲಿ ರಿಚರ್ಡ್‌ಸನ್ ಮತ್ತು ಅವರ ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು ಕುರಿತ 13 ವರ್ಷಗಳ ಸಂಶೋಧನೆಗಳನ್ನು ಶೋಧಿಸಿದಾಗ, ಪರಿಶೀಲಿಸಿದ ಹಲವಾರು ಮಾನಸಿಕ ಅಂಶಗಳಲ್ಲಿ "ನನಗೆ ಇಷ್ಟು ಅಂಕಗಳು ಬರುವವು" ಎಂಬ ವಿದ್ಯಾರ್ಥಿಯ ಸ್ವಂತ ಅಂದಾಜೇ ಅವನ ಫಲಿತಾಂಶಕ್ಕೆ ಎಲ್ಲಕ್ಕಿಂತ ಹತ್ತಿರವಾಗಿರುವದು ಗೊತ್ತಾಯಿತು.

ಇದನ್ನು ಕೇಳಿದೊಡನೆ ಉತ್ಸಾಹದ ವಕ್ತಾರರು "ನಾವು ಹೇಳಿದ್ದೇ ನಿಜವಾಯಿತು" ಎಂದು ಚಪ್ಪಾಳೆ ತಟ್ಟಬಹುದು. ಅವಸರಿಸಬಾರದು. ವಿದ್ಯಾರ್ಥಿಯು ಹಿಂದೆ ಪಡೆದ ಅಂಕಗಳನ್ನು ಬಲ್ಲವನಾದುದರಿಂದಲೇ ಅವನ ಅಂದಾಜು ಸರಿಯಾಗುವದು. ಹಾಗಾದರೆ ನಂಬಿಕೆಯಿಂದ ಯಶಸ್ಸೋ, ಯಶಸ್ಸಿನಿಂದ ನಂಬಿಕೆಯೋ? 2018ರಲ್ಲಿ ಆಸ್ಟ್ರೇಲಿಯದ ಟಾಲ್ಸ್‌ಮಾ ಮತ್ತು ಅವರ ಸಂಗಡಿಗರು ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಒಂದೇ ವಿದ್ಯಾರ್ಥಿಗಳನ್ನು ಮತ್ತೆ ಮತ್ತೆ ಅಳೆದ ಸಂಶೋಧನೆಗಳನ್ನು ಒಟ್ಟುಗೂಡಿಸಿದರು. ಪ್ರವಾಹವು ಎರಡೂ ಕಡೆಗೆ ಹರಿಯುವದು, ಆದರೆ ಯಶಸ್ಸಿನಿಂದ ನಂಬಿಕೆಯ ಕಡೆಗೆ ಹರಿಯುವ ಪ್ರವಾಹವು ಸುಮಾರು ಮೂರು ಪಟ್ಟು ಬಲವಾದದ್ದು ಎಂಬುದು ಅವರ ನಿರ್ಣಯ. ನಮ್ಮ ಲೇಖನದ ಸಾರವೂ ಇಲ್ಲಿಯೇ ಇರುವದು. ವಿದ್ಯಾರ್ಥಿಗೆ ವಿಶ್ವಾಸವನ್ನು ಕೊಡಬೇಕೆಂದಿದ್ದರೆ ಅವನಿಗೆ ಮೊದಲು ಒಂದು ನಿಜವಾದ ಸಣ್ಣ ಯಶಸ್ಸನ್ನು ದೊರಕಿಸಿಕೊಡಬೇಕು.

ಪೊಳ್ಳು ವಿಶ್ವಾಸದಿಂದ ಆಗುವ ಹಾನಿಯೂ ಕಡಿಮೆಯದಲ್ಲ. 1999ರಲ್ಲಿ ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನ್ನಿಂಗ್ ಎಂಬವರು ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ ಮುಂತಾದವುಗಳಲ್ಲಿ ಪರೀಕ್ಷೆ ಕೊಟ್ಟು, ತಮ್ಮ ಸ್ಥಾನವನ್ನು ತಾವೇ ಅಂದಾಜು ಮಾಡಲು ಹೇಳಿದರು. ನೂರು ಜನರ ಸಾಲಿನಲ್ಲಿ ಕೆಳಗಿನಿಂದ 12ನೆಯ ಸ್ಥಾನದ ಆಸುಪಾಸಿನಲ್ಲಿದ್ದವರು ತಾವು 62ನೆಯ ಸ್ಥಾನದಲ್ಲಿರುವೆವೆಂದು ತಿಳಿದಿದ್ದರು. ಯಾವ ಜ್ಞಾನವು ಇಲ್ಲದ್ದರಿಂದ ಉತ್ತರ ತಪ್ಪಾಯಿತೋ, ಆ ತಪ್ಪನ್ನು ಕಾಣಲಿಕ್ಕೂ ಅದೇ ಜ್ಞಾನವು ಬೇಕು.

ನಮ್ಮ ವಿದ್ಯಾರ್ಥಿಗಳ ಓದಿನ ಕ್ರಮವೂ ಈ ಪೊಳ್ಳು ವಿಶ್ವಾಸವನ್ನೇ ಬೆಳೆಸುವದು. ಪರೀಕ್ಷೆಗೆ ಎಂಟು ದಿನವಿರುವಾಗ ಗೈಡು ಪುಸ್ತಕವನ್ನು ನಾಲ್ಕು ಸಲ ಓದಿದವನಿಗೆ ಪುಟಗಳೆಲ್ಲ ಪರಿಚಿತವಾಗಿ ಕಾಣುವವು. ಕಣ್ಣಿಗಾದ ಪರಿಚಯವನ್ನೇ ಅವನು ತಲೆಗೆ ಹತ್ತಿದ ವಿದ್ಯೆಯೆಂದು ತಿಳಿಯುವನು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಕಣ್ಣು ತೆರೆಯಿಸತಕ್ಕದ್ದು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿಗೆ ಬಂದದ್ದನ್ನು ಬರೆಯಿತು. ವಾರದ ಮೇಲೆ ಎಷ್ಟು ನೆನಪಿದ್ದೀತೆಂದು ಕೇಳಿದಾಗ ಬರೇ ಓದಿದವರ ವಿಶ್ವಾಸವೇ ಹೆಚ್ಚಾಗಿತ್ತು. ವಾರ ಕಳೆದ ಮೇಲೆ ನೋಡಿದರೆ ಅವರಿಗೆ ನೆನಪಿದ್ದದ್ದು ಸುಮಾರು 40 ಪ್ರತಿಶತ. ಬರೆದು ನೋಡಿದವರಿಗೆ ನೆನಪಿದ್ದದ್ದು ಸುಮಾರು 61 ಪ್ರತಿಶತ. ಪುಸ್ತಕ ಮುಚ್ಚಿ ಬರೆದವನಿಗೆ ತನಗೆ ಬಾರದ್ದು ಯಾವದೆಂದು ಗೊತ್ತಾಗುವದು. ಆ ಕಹಿಯೇ ಅವನಿಗೆ ಔಷಧ.

ನಂಬಿಕೆಯು ವಿದ್ಯಾರ್ಥಿಯ ಒಳಗೆ ಮಾತ್ರ ಹುಟ್ಟುವದಿಲ್ಲ. ಸಮಾಜವು ಅವನ ಕಿವಿಯಲ್ಲಿ ಊದುವ ನಂಬಿಕೆಯೂ ಉಂಟು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ವಿದುಷಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮೇಲಿನವೆನಿಸಿಕೊಂಡ ಜಾತಿಗಳ 321 ಮತ್ತು ಕೆಳಗಿನವೆನಿಸಿಕೊಂಡ ಜಾತಿಗಳ 321 ಶಾಲಾ ಬಾಲಕರಿಗೆ, ಬಹುಮಾನವನ್ನಿಟ್ಟು, ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಬಿಡಿಸಲು ಕೊಟ್ಟರು. ಜಾತಿಯನ್ನು ಹೊರಗೆಡಹದಿದ್ದಾಗ ಎರಡೂ ಗುಂಪುಗಳು ಸರಿಸಮವಾಗಿಯೇ ಬಿಡಿಸಿದವು. ಅವರವರ ಜಾತಿಯನ್ನು ಎಲ್ಲರೆದುರಿಗೆ ಸಾರಿದಾಗ ಎರಡೂ ಗುಂಪುಗಳ ನಡುವೆ ದೊಡ್ಡ ಅಂತರವು ಉಂಟಾಯಿತು. 2004ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಶಿಷ್ಯವೇತನದ ಯಾದಿಯನ್ನು ತುಂಬಿದ ತರಗತಿಯಲ್ಲಿ ಓದಿ ಹೇಳುವ ಪ್ರತಿಯೊಂದು ಸಂಸ್ಥೆಯೂ ಮನನ ಮಾಡಬೇಕು. ಬುದ್ಧಿಯು ಒಂದು ಕ್ಷಣದಲ್ಲಿ ಎಲ್ಲಿಗೆ ಹೋದೀತು? ಹೋದದ್ದು ಬುದ್ಧಿಯಲ್ಲ, "ನನಗೆ ನ್ಯಾಯ ಸಿಕ್ಕೀತು" ಎಂಬ ಭರವಸೆ.

ಒಂದು ಪ್ರಾಂತಕ್ಕೆ ಪ್ರಾಂತವೇ ತನ್ನ ಯೋಗ್ಯತೆಯನ್ನು ತಪ್ಪಾಗಿ ತಿಳಿದಿದ್ದ ಉದಾಹರಣೆಯು ನಮ್ಮ ಇತಿಹಾಸದಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿಗಳ ಕಡೆಗೆ ಕನ್ನಡಿಗರೇ ಮರಾಠಿಯನ್ನು ವಿದ್ಯೆಯ ಭಾಷೆಯೆಂದು ಭಾವಿಸಿ, ತಮ್ಮ ನುಡಿಯು ಮನೆ ಹೊಲಗಳಿಗೆ ಸಾಕೆಂದು ಬಗೆದಿದ್ದರು. ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಜನರಲ್ಲಿ ವಿಶ್ವಾಸ ಹುಟ್ಟಲೆಂದು ಕಾಯುತ್ತ ಕೂಡ್ರಲಿಲ್ಲ. ಕನ್ನಡ ಶಾಲೆಗಳನ್ನು ತೆರೆಯಿಸಿದರು, ಕನ್ನಡದಲ್ಲಿ ಕಲಿಸುವ ಮಾಸ್ತರರನ್ನು ತಯಾರಿಸಿದರು. ಮಕ್ಕಳು ಕನ್ನಡದಲ್ಲಿ ಓದಿ ಬರೆದು ಲೆಕ್ಕ ಮಾಡಿ ತೋರಿಸಿದ ಮೇಲೆ ವಿಶ್ವಾಸವು ತಾನಾಗಿಯೇ ಹಿಂಬಾಲಿಸಿ ಬಂದಿತು.

ಈ ತಾಲೂಕುಗಳದೇ ಇನ್ನೊಂದು ಉದಾಹರಣೆ ವಾಚಕರೆಲ್ಲರಿಗೂ ತಿಳಿದದ್ದು. 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದ ಮೂಲಕ ಶಾಲೆಯನ್ನೇ ಬಿಡಬೇಕಾಗಿ ಬಂದಿತ್ತು. ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು ಅವರ ಪ್ರೌಢಶಾಲೆಯ ವೆಚ್ಚವನ್ನು ವಹಿಸಿಕೊಂಡರು. ಅವರು ಮುಂದೆ ಪದವಿಗಳನ್ನು ಪಡೆದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಸಂದಿತು. ಶಾಲೆ ಬಿಟ್ಟ ಆ ದಿನವೇ "ವಿದ್ಯೆ ಹತ್ತಲಿಲ್ಲ" ಎಂದು ಊರು ಬರೆದಿಟ್ಟಿದ್ದರೆ ಆ ಬರಹವು ಎಷ್ಟು ಸುಳ್ಳಾಗುತ್ತಿತ್ತು! ಮೊಳಕೆಯನ್ನು ನೋಡಿ ಸಿರಿಯನ್ನು ಹೇಳುವವರು ಆ ಮೊಳಕೆಗೆ ನೀರು ಸಿಕ್ಕಿತ್ತೋ ಇಲ್ಲವೋ ಎಂಬದನ್ನು ಮೊದಲು ನೋಡಬೇಕು.

ಹಾಗಾದರೆ ಪ್ರೋತ್ಸಾಹದ ಮಾತು ವ್ಯರ್ಥವೇ? ಹಾಗೂ ಅಲ್ಲ. ಬುದ್ಧಿಯು ಅಭ್ಯಾಸದಿಂದ ಬೆಳೆಯತಕ್ಕದ್ದೆಂಬ ಪಾಠವನ್ನು ಅಮೇರಿಕೆಯ ಸುಮಾರು 12,000 ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದ ಯೇಗರ್ ಮುಂತಾದವರ ವರದಿಯು 2019ರಲ್ಲಿ ಪ್ರಕಟವಾಯಿತು. ಒಂದು ತಾಸಿಗೂ ಕಡಿಮೆ ಅವಧಿಯ ಆ ಪಾಠದಿಂದ ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ಶ್ರೇಣಿಯು, ಅಲ್ಲಿಯ ಶ್ರೇಣಿಯ ಮಾನದಲ್ಲಿ, ಒಂದು ಅಂಕದ ಹತ್ತನೆಯ ಒಂದಂಶದಷ್ಟು ಏರಿತು. ಫಲವು ಸಣ್ಣದು, ಆದರೆ ನಿಜವಾದದ್ದು. ಸಂಗಡಿಗರೂ ಕಠಿಣವಾದುದನ್ನು ಎತ್ತಿಕೊಳ್ಳುವ ರೂಢಿಯಿದ್ದ ಶಾಲೆಗಳಲ್ಲಿ ಅದು ಹೆಚ್ಚಾಗಿ ಕಂಡುಬಂದಿತು. ಮಾತು ಬೀಜವಿದ್ದಂತೆ, ಹಸಿಯಿದ್ದ ಹೊಲದಲ್ಲಿ ಮಾತ್ರ ಅದು ಹುಟ್ಟುವದು.

ಆ ಹೊಲವನ್ನು ಹದಗೊಳಿಸುವ ಸಲುವಾಗಿ ಕೆಲವು ಸೂಚನೆಗಳನ್ನು ಪ್ರಾಚಾರ್ಯರ ಮತ್ತು ಶಿಕ್ಷಣ ಇಲಾಖೆಯ ಅಧಿಕಾರಿಗಳ ಅವಗಾಹನೆಗೆ ತರುತ್ತೇವೆ. ಮೊದಲನೆಯದಾಗಿ, ಕಾಲೇಜು ತೆರೆದ ಮೊದಲಿನ ತಿಂಗಳಲ್ಲಿ ಪ್ರತಿ ವಿಷಯಕ್ಕೂ, ಲೆಕ್ಕಕ್ಕೆ ಹಿಡಿಯದ ಸಣ್ಣ ಪರೀಕ್ಷೆಗಳನ್ನು ಸುಲಭದಿಂದ ಕಠಿಣಕ್ಕೆ ಏರುವ ಕ್ರಮದಲ್ಲಿ ನಡೆಯಿಸಬೇಕು. ಉತ್ತರಪತ್ರಿಕೆಗಳು ವಾರದೊಳಗೆ ವಿದ್ಯಾರ್ಥಿಯ ಕೈಗೆ ಮರಳಬೇಕು. ಅವುಗಳ ಮೇಲೆ ಅಂಕದ ಬದಲು ಎಲ್ಲಿ ದಾರಿ ತಪ್ಪಿತು, ಹೇಗೆ ತಿದ್ದಬೇಕು ಎಂಬ ಎರಡು ಸಾಲುಗಳಿರಬೇಕು. ಎರಡನೆಯದಾಗಿ, ಕನ್ನಡ ಶಾಲೆಯಿಂದ ಬಂದವರಿಗೆ ಪ್ರತಿ ಪಾಠದ ಮುಖ್ಯ ಶಬ್ದಗಳ ಕನ್ನಡ ಇಂಗ್ಲಿಷ್ ಯಾದಿಯನ್ನು ಕೊಡಬೇಕು. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಯಾರೂ ನಾಚದಂಥ ವಾತಾವರಣವಿರಬೇಕು. ಮೂರನೆಯದಾಗಿ, ಅದೇ ಹಳ್ಳಿಗಳಿಂದ ಬಂದು ಮೇಲಿನ ತರಗತಿಗೆ ಹೋದ ವಿದ್ಯಾರ್ಥಿಗಳಿಂದ ಹೊಸಬರಿಗೆ ವಾರಕ್ಕೊಂದು ತಾಸು ಲೆಕ್ಕ ಹೇಳಿಸಬೇಕು. ದೂರದ ಮಹಾಪುರುಷರಿಗಿಂತ ಪಕ್ಕದ ಊರಿನ ಅಕ್ಕನ ದೃಷ್ಟಾಂತವು ಬೇಗನೆ ನಾಟುವದು. ನಾಲ್ಕನೆಯದಾಗಿ, ಪ್ರತಿ ಪರೀಕ್ಷೆಯ ಕೊನೆಗೆ ವಿದ್ಯಾರ್ಥಿಯು ತನಗೆ ಬರುವ ಅಂಕಗಳನ್ನು ತಾನೇ ಅಂದಾಜು ಮಾಡಿ ಬರೆಯಬೇಕು. ಅಂದಾಜಿಗೂ ನಿಜಕ್ಕೂ ಇರುವ ಅಂತರವು ದಿನೇ ದಿನೇ ಕಡಿಮೆಯಾಗುವದೇ ಸರಿಯಾದ ಆತ್ಮವಿಶ್ವಾಸದ ಲಕ್ಷಣ. ಕೊನೆಯದಾಗಿ, ಅಂಕ, ಜಾತಿ, ಶಿಷ್ಯವೇತನ ಇವುಗಳನ್ನು ತುಂಬಿದ ತರಗತಿಯಲ್ಲಿ ಕೂಗಿ ಹೇಳುವ ಪದ್ಧತಿಯನ್ನು ಇಂದೇ ನಿಲ್ಲಿಸಬೇಕು. ಇದಕ್ಕೆ ಒಂದು ರೂಪಾಯಿಯ ವೆಚ್ಚವೂ ಇಲ್ಲ.

ತರಗತಿಗಳು ತುಂಬಿವೆ, ಸರಕಾರಿ ಕಾಲೇಜುಗಳಲ್ಲಿ ಪಾಠದ ಬಹುಭಾರವು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ, ಇಷ್ಟು ಪತ್ರಿಕೆಗಳನ್ನು ತಿದ್ದುವವರು ಯಾರು ಎಂಬ ಆಕ್ಷೇಪವು ಬರುವದು. ಆಕ್ಷೇಪವು ನ್ಯಾಯವಾದದ್ದೇ, ಖಾಯಂ ಅಧ್ಯಾಪಕರ ನೇಮಕಕ್ಕೆ ಸರಕಾರವೇ ಉತ್ತರ ಕೊಡಬೇಕು. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂಡ್ರುವ ಕಾರಣವಿಲ್ಲ. ಮಾದರಿ ಉತ್ತರವನ್ನು ಹಲಗೆಯ ಮೇಲೆ ಬರೆದು, ವಿದ್ಯಾರ್ಥಿಯು ತನ್ನ ಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವಂತೆ ಮಾಡಿದರೆ ಅಧ್ಯಾಪಕರ ಹೊರೆಯೂ ಇಳಿಯುವದು, ತಪ್ಪನ್ನು ಕಾಣುವ ಕಣ್ಣೂ ಬೆಳೆಯುವದು.

ಪಾಲಕರಲ್ಲಿ ನಮ್ಮ ವಿನಂತಿಯು ಒಂದೇ. ಮಗನೋ ಮಗಳೋ ಮೊದಲನೆಯ ಪರೀಕ್ಷೆಯಲ್ಲಿ ಸೋತು ಬಂದ ದಿನ "ದಡ್ಡ" ಎಂಬ ಶಬ್ದವನ್ನು ಬಾಯಿಂದ ತೆಗೆಯಬಾರದು. ಲಗ್ನದ ಮಾತನ್ನೂ ಎತ್ತಬಾರದು. "ಯಾವ ಪ್ರಶ್ನೆ ತಪ್ಪಿತು? ನಾಳೆ ಅದನ್ನು ಯಾರಿಗೆ ಕೇಳುವಿ?" ಎಂದು ಕೇಳಿದರೆ ಸಾಕು. ಓದು ಬರಹ ಬಾರದ ತಾಯಿಯೂ ಈ ಪ್ರಶ್ನೆಯನ್ನು ಕೇಳಬಲ್ಲಳು. ವಿದ್ಯಾರ್ಥಿಗಳಿಗಾದರೂ ನಾವು ಹೇಳುವದಿಷ್ಟೇ: ನಿಮ್ಮಿಂದ ಆಗುವದೋ ಇಲ್ಲವೋ ಎಂಬ ವಾದವನ್ನು ಮನಸ್ಸಿನಲ್ಲಿ ನಡೆಯಿಸುತ್ತ ಕೂಡ್ರಬೇಡಿರಿ. ಇಂದು ರಾತ್ರಿ ಪುಸ್ತಕವನ್ನು ಮುಚ್ಚಿ, ಒಂದು ಹಾಳೆಯನ್ನು ತೆಗೆದುಕೊಂಡು, ನೆನಪಿದ್ದಷ್ಟನ್ನು ಬರೆಯಿರಿ; ಬಳಿಕ ಪುಸ್ತಕವನ್ನು ತೆರೆದು ಬಿಟ್ಟುಹೋದದ್ದಕ್ಕೆ ಗೆರೆ ಹಾಕಿರಿ. ನಾಳೆ ಮತ್ತೆ ಬರೆಯಿರಿ. ಗೆರೆಗಳು ಕಡಿಮೆಯಾಗುತ್ತ ಬಂದಂತೆ ನಿಮ್ಮ ಪ್ರಶ್ನೆಗೆ ನಿಮ್ಮ ಹಾಳೆಯೇ ಉತ್ತರ ಕೊಡುವದು.